ಆಫ್ರಿಕಾ ಸಫಾರಿಗೆ ಎಷ್ಟು ದುಡ್ಡು ಬೇಕು? ಲೆಕ್ಕವನ್ನು ಕಾಡಿನ ಗೇಟಿನಿಂದ ಶುರು ಮಾಡಿ

ದರೋಜಿಯ ವೀಕ್ಷಣಾ ಗೋಪುರದಲ್ಲಿ ಕೂತು ಕರಡಿ ನೋಡಿದವರು, ದಾಂಡೇಲಿ, ಕಬಿನಿ ಸುತ್ತಿ ಬಂದವರು ಈಗ ಇನ್ನೊಂದು ಮಾತು ಆಡುತ್ತಿದ್ದಾರೆ. ಒಮ್ಮೆ ಆಫ್ರಿಕಾಕ್ಕೆ ಹೋಗಿಬರೋಣ, ಸಿಂಹ, ಆನೆ, ಜಿರಾಫೆ ನೋಡೋಣ ಅಂತ. ತೋರಣಗಲ್ಲಿನ ಕಾರ್ಖಾನೆ ನೌಕರರ ಗುಂಪಿನಲ್ಲಿ, ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್ ಮಾಲೀಕರಲ್ಲಿ, ರಾಯಚೂರಿನ ಡಾಕ್ಟರು, ಮೇಷ್ಟ್ರುಗಳ ಮಧ್ಯೆ ಈ ಮಾತು ಬರುತ್ತಿದೆ. ಮಾತು ಬಂದ ಮೇಲೆ ಫೋನಿಗೆ ಜಾಹೀರಾತೂ ಬರುತ್ತೆ. ಒಬ್ಬರು ಒಂದು ಲಕ್ಷ ಸಾಕು ಅಂತಾರೆ, ಇನ್ನೊಬ್ಬರು ಅದೇ ಕಾಡಿಗೆ ನಾಲ್ಕು ಲಕ್ಷ ಕೇಳ್ತಾರೆ. ಯಾರು ಸರಿ, ಯಾರು ಸುಳ್ಳು ಅಂತ ಗೊತ್ತಾಗೋದು ಹೇಗೆ?

ಗೊತ್ತು ಮಾಡಿಕೊಳ್ಳಲು ಒಂದು ದಾರಿ ಇದೆ. ಕಾಗದ, ಪೆನ್ನು ಇದ್ದರೆ ಅರ್ಧ ಗಂಟೆ ಸಾಕು. ಕಾಡಿನ ಗೇಟಿನಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ ಎಷ್ಟು ಅಂತ ಮೊದಲು ಕೂಡಿಸಿ. ಕಂಪನಿ ಹೇಳಿದ ದರದಿಂದ ಅದನ್ನು ಕಳೆಯಿರಿ. ಉಳಿದ ದುಡ್ಡಿನಲ್ಲಿ ಗಾಡಿ, ಡೀಸೆಲ್, ಡ್ರೈವರ್, ಊಟ, ಮಲಗೋ ಜಾಗ ಎಲ್ಲ ಆಗುತ್ತಾ ನೋಡಿ. ಆಗಲ್ಲ ಅನ್ನಿಸಿದರೆ ಆ ದರ ನಿಜವಲ್ಲ. ಈ ಲೇಖನದ ಬಹುಪಾಲು ಆ ಲೆಕ್ಕವೇ.

ಓವರ್‌ಲ್ಯಾಂಡ್ ಸಫಾರಿ ಅಂದರೆ ಏನು

ವಿಮಾನದಲ್ಲಿ ಕಾಡಿಂದ ಕಾಡಿಗೆ ಹಾರದೆ, ರಸ್ತೆಯಲ್ಲೇ ಊರು, ಗಡಿ, ಕಾಡು ದಾಟುತ್ತಾ ಹೋಗುವ ಪ್ರವಾಸ ಇದು. ನಮ್ಮ ಕಡೆ ಓಣಿಯವರೆಲ್ಲ ಸೇರಿ ಬಸ್ ಮಾಡಿಕೊಂಡು ಕಾಶಿ, ರಾಮೇಶ್ವರಕ್ಕೆ ಹೋಗ್ತಾರಲ್ವಾ? ಬಸ್ಸಿನ ಜೊತೆಗೇ ಅಡುಗೆಯವರು, ಗ್ಯಾಸ್ ಸಿಲಿಂಡರ್, ದೊಡ್ಡ ಪಾತ್ರೆ, ಅಕ್ಕಿ ಮೂಟೆ. ಸಂಜೆ ಎಲ್ಲಿ ನಿಲ್ತಾರೋ ಅಲ್ಲೇ ಅಡುಗೆ, ಅಲ್ಲೇ ಹಾಸಿಗೆ. ಓವರ್‌ಲ್ಯಾಂಡ್ ಟ್ರಕ್ ಹೆಚ್ಚುಕಡಿಮೆ ಅದೇ. ಲಾರಿಯ ಚಾಸಿ ಮೇಲೆ ಸೀಟು ಕೂರಿಸಿದ ಎತ್ತರದ ಗಾಡಿ, ಇಪ್ಪತ್ತರ ಆಸುಪಾಸು ಜನ, ಟೆಂಟು, ಒಲೆ ಎಲ್ಲ ಅದರಲ್ಲೇ. ನೈರೋಬಿಯಿಂದ ವಿಕ್ಟೋರಿಯಾ ಜಲಪಾತದವರೆಗೆ, ಕೆಲವು ಗಾಡಿಗಳು ಕೇಪ್‌ಟೌನ್‌ವರೆಗೂ ವಾರಗಟ್ಟಲೆ ಓಡುತ್ತವೆ. ಕಾಶಿ ಬಸ್ಸಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಟ್ರಕ್ಕಿನಲ್ಲಿ ತರಕಾರಿ ಹೆಚ್ಚೋದು, ಪಾತ್ರೆ ತೊಳೆಯೋದು, ನಿಮ್ಮ ಟೆಂಟ್ ನೀವೇ ಕಟ್ಟೋದು ಸಾಮಾನ್ಯವಾಗಿ ಪ್ರಯಾಣಿಕರ ಪಾಲಿನ ಕೆಲಸ. ಅದಕ್ಕೇ ಅದು ಅಗ್ಗ. ಬಹಳ ಕಡೆ 18 ವರ್ಷದ ಒಳಗಿನವರನ್ನು ಹತ್ತಿಸಿಕೊಳ್ಳಲ್ಲ. ಮಕ್ಕಳು, ವಯಸ್ಸಾದ ಅಪ್ಪ-ಅಮ್ಮನ ಜೊತೆ ಹೋಗುವವರಿಗೆ ಇದು ಹೊಂದಲ್ಲ.

ನಮ್ಮವರು ಹೆಚ್ಚಾಗಿ ಹೋಗೋದು ಎರಡನೇ ಬಗೆಯಲ್ಲಿ. ಐದಾರು ಜನ ಒಂದು ಲ್ಯಾಂಡ್ ಕ್ರೂಸರ್ ಜೀಪಿನಲ್ಲಿ, ಮೇಲ್ಛಾವಣಿ ಎತ್ತಿ ನಿಂತು ನೋಡುವ ಗಾಡಿ ಅದು. ಡ್ರೈವರೇ ಗೈಡ್. ರಾತ್ರಿ ಟೆಂಟ್ ಆಗಬಹುದು, ಲಾಡ್ಜ್ ಆಗಬಹುದು. ಗಾಡಿಯನ್ನು ಪರಿಚಯವಿಲ್ಲದವರ ಜೊತೆ ಹಂಚಿಕೊಂಡರೆ ಗ್ರೂಪ್ ಸಫಾರಿ, ನಿಮ್ಮವರೇ ತುಂಬಿದರೆ ಪ್ರೈವೇಟ್ ಸಫಾರಿ. ಗಾಡಿ ಬಾಡಿಗೆಗೆ ತಗೊಂಡು ತಾವೇ ಓಡಿಸುವವರೂ ಇದ್ದಾರೆ, ನಮೀಬಿಯಾ, ದಕ್ಷಿಣ ಆಫ್ರಿಕಾದಲ್ಲಿ ಇದು ಜಾಸ್ತಿ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸೋದು. ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ನಮ್ಮ ಆರ್‌ಟಿಒ ಕಚೇರಿಯಲ್ಲೇ ಸಿಗುತ್ತೆ. ಮೊದಲ ಸಲ ಹೋಗುವವರಿಗೆ ಜೀಪ್-ಡ್ರೈವರ್ ಇರುವ ಬಗೆಯೇ ಸರಿ ಅನ್ನೋದು ನನ್ನ ಅಭಿಪ್ರಾಯ. ಕಾಡಿನಲ್ಲಿ ಪ್ರಾಣಿ ಎಲ್ಲಿದೆ ಅಂತ ಓದುವ ಕಣ್ಣು ಗೈಡಿನದು. ನೀವು ಕೊಡುವ ದುಡ್ಡಿನಲ್ಲಿ ಅತಿ ಬೆಲೆಬಾಳುವ ಭಾಗ ಅದೇ.

ಗೇಟಿನ ಲೆಕ್ಕ

ನಮ್ಮಲ್ಲಿ ಸಫಾರಿ ಅಂದರೆ ಕೆಲವು ನೂರು, ಜಾಸ್ತಿ ಅಂದರೆ ಕೆಲವು ಸಾವಿರ ರೂಪಾಯಿ ಟಿಕೆಟ್. ಪೂರ್ವ ಆಫ್ರಿಕಾದಲ್ಲಿ ಕಾಡಿನ ಶುಲ್ಕವೇ ಖರ್ಚಿನ ದೊಡ್ಡ ತುಂಡು. ವಿದೇಶಿಯರಿಗೆ ಅದು ಡಾಲರ್ ಲೆಕ್ಕದಲ್ಲಿ, ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಇರುತ್ತೆ. ಕಂಪನಿ ಎಷ್ಟೇ ಚೌಕಾಸಿ ಮಾಡಿದರೂ ಅದರಲ್ಲಿ ಒಂದು ಪೈಸೆ ಕಡಿಮೆ ಆಗಲ್ಲ.

ಕೀನ್ಯಾದ ಮಸಾಯಿ ಮಾರಾ ತಗೊಳ್ಳಿ. 2024ರಿಂದ ಅಲ್ಲಿ ಎರಡು ದರ. ಜನವರಿಯಿಂದ ಜೂನ್‌ವರೆಗೆ ವಯಸ್ಕರಿಗೆ ದಿನಕ್ಕೆ 100 ಡಾಲರ್. ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಡಾಲರಿಗೆ 90 ರೂಪಾಯಿ ಅಂತ ಹಿಡಿದರೆ, ಮೂರು ದಿನಕ್ಕೆ ಒಬ್ಬರಿಗೆ ಫೆಬ್ರವರಿಯಲ್ಲಿ 27 ಸಾವಿರ, ಆಗಸ್ಟ್‌ನಲ್ಲಿ 54 ಸಾವಿರ. ಗಂಡ-ಹೆಂಡತಿ ಹೋದರೆ ಆಗಸ್ಟ್‌ನಲ್ಲಿ ಗೇಟಿನಲ್ಲೇ 1.08 ಲಕ್ಷ ಹೋಯ್ತು. ಇನ್ನೂ ಗಾಡಿ ಹತ್ತಿಲ್ಲ, ಊಟ ಮಾಡಿಲ್ಲ.

ಟಿಕೆಟ್ ಎಷ್ಟು ಗಂಟೆಗೆ ಅನ್ನೋದೂ ಮುಖ್ಯ. ಮಾರಾದಲ್ಲಿ ಮೊದಲು 24 ಗಂಟೆಯ ಟಿಕೆಟ್ ಇತ್ತು, ಈಗ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ 12 ಗಂಟೆಯದು. ನೈರೋಬಿಯಿಂದ ಐದಾರು ಗಂಟೆ ಪ್ರಯಾಣ ಮಾಡಿ, ಸಂಜೆ ನಾಲ್ಕಕ್ಕೆ ಒಳಗೆ ಹೋಗಿ ಎರಡು ಗಂಟೆ ಸುತ್ತಿದರೂ ಪೂರ್ತಿ ದಿನದ ಶುಲ್ಕ ಬೀಳುತ್ತೆ. ಅಗ್ಗದ ಪ್ಯಾಕೇಜಿನಲ್ಲಿ ಮೊದಲ ದಿನದ ಸಂಜೆ ಸುತ್ತಾಟವನ್ನು ಸದ್ದಿಲ್ಲದೆ ಕೈಬಿಡೋದು ಇದೇ ಕಾರಣಕ್ಕೆ. ‘ಮೊದಲ ದಿನ ಸಂಜೆ ರಿಸರ್ವ್ ಒಳಗೆ ಹೋಗ್ತೀವಾ, ಕ್ಯಾಂಪಿನಲ್ಲೇ ಇರ್ತೀವಾ?’ ಅಂತ ನೇರವಾಗಿ ಕೇಳಿ.

ಟಾಂಜಾನಿಯಾದ್ದು ಇನ್ನೂ ಸ್ವಲ್ಪ ಗಂಟು. ಐದು ದಿನ, ನಾಲ್ಕು ರಾತ್ರಿಯ ಒಂದು ಮಾಮೂಲಿ ಕ್ಯಾಂಪಿಂಗ್ ಸಫಾರಿ ಅಂತಿಟ್ಟುಕೊಳ್ಳಿ. ಅರುಷಾ ಊರಿಂದ ಹೊರಟು ಗೊರೊಂಗೊರೊ ಸಂರಕ್ಷಿತ ಪ್ರದೇಶ ದಾಟಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕೆ, ಅಲ್ಲಿ ಮೂರು ರಾತ್ರಿ, ವಾಪಸ್ ಬರ್ತಾ ಗೊರೊಂಗೊರೊದಲ್ಲಿ ಒಂದು ರಾತ್ರಿ, ಕೊನೆಯ ದಿನ ಅಲ್ಲಿನ ಜ್ವಾಲಾಮುಖಿ ಕುಳಿಯೊಳಗೆ ಇಳಿದು ಪ್ರಾಣಿ ನೋಡಿ ಅರುಷಾಕ್ಕೆ.

ಸೆರೆಂಗೆಟಿಯ ಪ್ರವೇಶ ಸೀಸನ್‌ನಲ್ಲಿ 24 ಗಂಟೆಗೆ 70 ಡಾಲರ್. ಅದರ ಮೇಲೆ ಶೇ 18 ವ್ಯಾಟ್ ಸೇರಿ 82.60. ಮೂರು ದಿನಕ್ಕೆ 247.80. ಅಲ್ಲಿನ ಸಾರ್ವಜನಿಕ ಕ್ಯಾಂಪ್ ಜಾಗದಲ್ಲಿ ಟೆಂಟ್ ಹಾಕೋಕೆ ತಲೆಗೆ ರಾತ್ರಿಗೆ 30 ಡಾಲರ್, ವ್ಯಾಟ್ ಸೇರಿ 35.40. ಮೂರು ರಾತ್ರಿಗೆ 106.20. ಗೊರೊಂಗೊರೊ ಪ್ರವೇಶ 60 ಡಾಲರ್, ವ್ಯಾಟ್ ಸೇರಿ 70.80. ಇಲ್ಲಿ ಬಹಳ ಜನ ಎಡವುತ್ತಾರೆ. ಸೆರೆಂಗೆಟಿಗೆ ಹೋಗುವ ರಸ್ತೆ ಗೊರೊಂಗೊರೊ ಒಳಗಿಂದಲೇ ಹಾಯುತ್ತೆ. ಸುಮ್ನೆ ದಾಟಿ ಹೋದರೂ ಶುಲ್ಕ ಕಟ್ಟಬೇಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಒಟ್ಟು 141.60.

ಕೊನೆಗೆ ಕುಳಿಗೆ ಇಳಿಯುವ ಶುಲ್ಕ. ಇದು ತಲೆಗಲ್ಲ, ಗಾಡಿಗೆ. ವ್ಯಾಟ್ ಸೇರಿ 295 ಡಾಲರ್. ಗಾಡಿಯಲ್ಲಿ ಆರು ಜನ ಇದ್ದರೆ ಒಬ್ಬರ ಪಾಲು ಸುಮಾರು 49, ಇಬ್ಬರೇ ಇದ್ದರೆ 147.50. ಜೀಪು ತುಂಬಿದಷ್ಟೂ ದರ ಇಳಿಯೋದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತೆ. ಬಾಡಿಗೆ, ಡೀಸೆಲ್, ಡ್ರೈವರ್ ಸಂಬಳ ಎಲ್ಲವೂ ಇದೇ ರೀತಿ ಹಂಚಿಹೋಗುತ್ತೆ. ಊರಿಂದಲೇ ಆರು ಜನರ ಗುಂಪು ಕಟ್ಟಿಕೊಂಡು ಹೋಗೋದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ.

ಎಲ್ಲ ಕೂಡಿಸಿದರೆ ಒಬ್ಬರಿಗೆ ಸುಮಾರು 545 ಡಾಲರ್, ಅಂದರೆ 49 ಸಾವಿರ ರೂಪಾಯಿ. ಗೊರೊಂಗೊರೊದಲ್ಲಿ ಒಂದು ರಾತ್ರಿ ತಂಗುವ ಖರ್ಚು ಇದರಲ್ಲಿ ಸೇರಿಲ್ಲ.

ಈಗ ದರಪಟ್ಟಿ ಮುಂದಿಟ್ಟುಕೊಳ್ಳಿ. ಒಬ್ಬರು ಈ ಐದು ದಿನಕ್ಕೆ 1,100 ಡಾಲರ್ ಹೇಳಿದರು. ಗೇಟಿನ 545 ಕಳೆದರೆ 555 ಉಳಿಯುತ್ತೆ. ಆರು ಜನರಿಂದ 3,330. ಐದು ದಿನ ಗಾಡಿ, ಡೀಸೆಲ್, ಡ್ರೈವರ್, ಅಡುಗೆಯವರು, ಊಟ, ಟೆಂಟು, ಕಂಪನಿಯ ಲಾಭ ಇದರಲ್ಲಿ ಆಗುತ್ತೆ. ಇನ್ನೊಬ್ಬರು 600 ಡಾಲರ್ ಸಾಕು ಅಂದರು. ಉಳಿಯೋದು ತಲೆಗೆ 55, ಆರು ಜನರಿಂದ 330. ಡೀಸೆಲ್ ಹಾಕಿ, ಇಬ್ಬರಿಗೆ ಸಂಬಳ ಕೊಟ್ಟು, ಆರು ಜನರಿಗೆ ಐದು ದಿನ ಊಟ ಹಾಕೋಕೆ ಅದು ಸಾಲದು. ಅಂದರೆ ಎಲ್ಲೋ ಒಂದು ಕಡೆ ಕತ್ತರಿ ಬಿದ್ದಿದೆ. ಒಂದು ದಿನ ಸೆರೆಂಗೆಟಿಯ ಹೊರಗೆ ಮಲಗಿಸಬಹುದು, ಕುಳಿಗೆ ಇಳಿಸದೆ ಮೇಲಿಂದ ತೋರಿಸಬಹುದು, ಅಲ್ಲಿ ಹೋದ ಮೇಲೆ ‘ಗೇಟ್ ಶುಲ್ಕ ನಿಮ್ಮದೇ’ ಅನ್ನಬಹುದು. ಇಲ್ಲಾಂದ್ರೆ ಮುಂಗಡ ತಗೊಂಡು ಫೋನ್ ಎತ್ತದೇ ಇರಬಹುದು.

ಈ ಶುಲ್ಕಗಳು ಆಗಾಗ ಏರುತ್ತವೆ. ಟಾಂಜಾನಿಯಾದ ರಾಷ್ಟ್ರೀಯ ಉದ್ಯಾನಗಳ ಸಂಸ್ಥೆ, ಗೊರೊಂಗೊರೊ ಪ್ರಾಧಿಕಾರ, ಕೀನ್ಯಾ ವನ್ಯಜೀವಿ ಸೇವೆ, ಮಾರಾ ನೋಡಿಕೊಳ್ಳುವ ನಾರೋಕ್ ಕೌಂಟಿ ತಮ್ಮ ದರಗಳನ್ನು ಪ್ರಕಟಿಸುತ್ತವೆ. ನೀವು ಹೋಗುವ ತಿಂಗಳಿನ ದರ ಅಲ್ಲೇ ನೋಡಿ, ಮೇಲಿನ ಲೆಕ್ಕದಲ್ಲಿ ಅಂಕಿ ಬದಲಿಸಿ.

ಯಾವ ತಿಂಗಳು ಹೋಗೋದು

ಬಜೆಟ್ಟಿಗೂ ಕ್ಯಾಲೆಂಡರಿಗೂ ಹತ್ತಿರದ ಸಂಬಂಧ. ದನದಂತೆ ಕಾಣುವ ವಿಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗಳು ಹತ್ತು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹುಲ್ಲು, ಮಳೆ ಹುಡುಕುತ್ತಾ ಸೆರೆಂಗೆಟಿ ಮತ್ತು ಮಾರಾ ನಡುವೆ ವರ್ಷವಿಡೀ ಸುತ್ತುತ್ತವೆ. ಮಾರಾ ನದಿಯನ್ನು ಅವು ದಾಟುವ, ಮೊಸಳೆಗಳು ಕಾಯುವ ದೃಶ್ಯ ಜುಲೈನಿಂದ ಅಕ್ಟೋಬರ್ ನಡುವಿನದು. ನಮ್ಮ ದಸರಾ ರಜೆ ಇದರೊಳಗೇ ಬರುತ್ತೆ. ಗೇಟಿನ ದರ, ಲಾಡ್ಜ್ ದರ ಎರಡೂ ಆಗ ನೆತ್ತಿಗೇರಿರುತ್ತೆ. ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳು ಅಲ್ಲಿ ದೊಡ್ಡ ಮಳೆಗಾಲ. ಅಗ್ಗ ಹೌದು. ಆದರೆ ಕೆಸರಲ್ಲಿ ಗಾಡಿ ಸಿಕ್ಕಿಕೊಳ್ಳುತ್ತೆ, ಕೆಲವು ಕ್ಯಾಂಪ್ ಮುಚ್ಚಿರುತ್ತೆ.

ನಮ್ಮ ತುಂಗಭದ್ರಾ ಬಯಲಿನವರಿಗೆ ಜನವರಿ ಕೊನೆ, ಫೆಬ್ರವರಿ ಚೆನ್ನಾಗಿ ಹೊಂದುತ್ತೆ ಅಂತ ನಾನು ಹೇಳ್ತೀನಿ. ಮುಂಗಾರಿನ ಭತ್ತ ಕೊಯ್ದು, ಮಾರಿ, ಕೈಗೆ ದುಡ್ಡು ಬಂದಿರುತ್ತೆ. ಅಲ್ಲಿ ಮಳೆ ಬಿಡುವು ಕೊಟ್ಟಿರುತ್ತೆ. ಸೆರೆಂಗೆಟಿಯ ದಕ್ಷಿಣಕ್ಕೆ, ಎನ್ಡೂಟು ಎಂಬ ಬಯಲಿನಲ್ಲಿ ವಿಲ್ಡ್‌ಬೀಸ್ಟ್‌ಗಳು ಕರು ಹಾಕುವ ಕಾಲ ಅದು. ಕರು ಇದ್ದಲ್ಲಿಗೆ ಚಿರತೆ, ಸಿಂಹ, ಕತ್ತೆಕಿರುಬ ಬಂದೇ ಬರುತ್ತವೆ. ಮಾರಾಕ್ಕೆ ಹೋದರೂ ಆಗ ಅರ್ಧ ದರ. ನದಿ ದಾಟುವ ದೃಶ್ಯ ಒಂದು ಬಿಟ್ಟರೆ ಕಳಕೊಳ್ಳೋದು ಕಡಿಮೆ.

ಕಂಪನಿಯನ್ನು ತೂಗಿ ನೋಡುವುದು

ಮೊದಲು ದುಡ್ಡು ಯಾರ ಯಾರ ಕೈ ದಾಟುತ್ತೆ ಅಂತ ತಿಳಿದುಕೊಳ್ಳಿ. ಬಳ್ಳಾರಿಯ ಟ್ರಾವೆಲ್ ಏಜೆಂಟ್ ಸಾಮಾನ್ಯವಾಗಿ ತಾವೇ ಸಫಾರಿ ನಡೆಸಲ್ಲ. ಅವರು ಬೆಂಗಳೂರು ಅಥವಾ ಮುಂಬೈಯ ದೊಡ್ಡ ಏಜೆನ್ಸಿಯಿಂದ ಕೊಳ್ಳುತ್ತಾರೆ. ಆ ಏಜೆನ್ಸಿ ನೈರೋಬಿ ಅಥವಾ ಅರುಷಾದ ಕಂಪನಿಯಿಂದ ಕೊಳ್ಳುತ್ತೆ. ಗಾಡಿ, ಡ್ರೈವರ್ ಇರೋದು ಆ ಕೊನೆಯ ಕಂಪನಿಯ ಬಳಿ. ಅದನ್ನು ನೆಲದ ಕಂಪನಿ ಅಂತ ಕರೆಯೋಣ. ಪ್ರತಿ ಕೈಯಲ್ಲೂ ಸ್ವಲ್ಪ ಕಮಿಷನ್ ಸೇರುತ್ತೆ.

ಹಾಗಂತ ನೇರವಾಗಿ ನೆಲದ ಕಂಪನಿಗೇ ಹೋಗೋದು ಯಾವಾಗಲೂ ಒಳ್ಳೆಯದು ಅಂತಲ್ಲ. ಇಲ್ಲಿನ ಏಜೆಂಟರಿಗೆ ರೂಪಾಯಿಯಲ್ಲಿ ಕಟ್ಟಬಹುದು, ಕನ್ನಡದಲ್ಲಿ ಮಾತಾಡಬಹುದು, ವೀಸಾ, ವಿಮಾನ ಎಲ್ಲ ಅವರೇ ನೋಡ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಏನಾದರೂ ಕೈಕೊಟ್ಟರೆ ಕಾನೂನು ಹತ್ತಿರ ಇರುತ್ತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಏಜೆನ್ಸಿಯ ಕಚೇರಿ ಮುಂಬೈಯಲ್ಲಿದ್ದರೂ ಸರಿ. 50 ಲಕ್ಷದವರೆಗಿನ ವ್ಯವಹಾರವನ್ನು ಜಿಲ್ಲಾ ಗ್ರಾಹಕ ಆಯೋಗವೇ ನೋಡುತ್ತೆ. ಅರುಷಾದ ಕಂಪನಿಗೆ ನೇರ ದುಡ್ಡು ಕಳಿಸಿ ಮೋಸ ಹೋದರೆ ಅದನ್ನು ವಸೂಲು ಮಾಡೋದು ಬಹಳ ಕಷ್ಟ. ಕಮಿಷನ್ ಉಳಿಸೋದಾ, ಈ ರಕ್ಷಣೆ ಉಳಿಸಿಕೊಳ್ಳೋದಾ ಅನ್ನೋದು ನಿಮ್ಮ ತೀರ್ಮಾನ. ಇಂಗ್ಲಿಷಿನಲ್ಲಿ ಈಮೇಲ್ ವ್ಯವಹಾರ ಸಲೀಸಾಗಿ ಮಾಡುವವರಿಗೆ ನೇರ ದಾರಿ ಹೊಂದುತ್ತೆ. ಮನೆಮಂದಿಯನ್ನೆಲ್ಲ ಕರೆದುಕೊಂಡು ಮೊದಲ ಸಲ ಹೋಗುವವರಿಗೆ ಇಲ್ಲಿನ ಏಜೆಂಟರೇ ವಾಸಿ.

ಯಾವ ದಾರಿ ಹಿಡಿದರೂ ನೆಲದ ಕಂಪನಿಯ ಹೆಸರು ಕೇಳಿ. ಹೆಸರು ಹೇಳೋಕೆ ಹಿಂದೆಮುಂದೆ ನೋಡಿದರೆ ಅಲ್ಲಿಗೆ ಬಿಟ್ಟುಬಿಡಿ. ಹೆಸರು ಸಿಕ್ಕ ಮೇಲೆ ಪರವಾನಗಿ ನೋಡಿ. ಕೀನ್ಯಾದಲ್ಲಿ ಪ್ರವಾಸೋದ್ಯಮ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಬೇಕು. ಅಲ್ಲಿನ ಟೂರ್ ಕಂಪನಿಗಳ ಸಂಘ ಕ್ಯಾಟೋ, ಅದರ ಸದಸ್ಯರ ಪಟ್ಟಿ ಎಲ್ಲರಿಗೂ ನೋಡಲು ಸಿಗುತ್ತೆ. ಟಾಂಜಾನಿಯಾದಲ್ಲಿ ಟಾಲಾ ಅಂತ ಜನ ಕರೆಯುವ ಪ್ರವಾಸ ವ್ಯಾಪಾರದ ಲೈಸೆನ್ಸ್, ಸಂಘದ ಹೆಸರು ಟ್ಯಾಟೋ. ಉಗಾಂಡಾದಲ್ಲಿ ಆಟೋ ಎಂಬ ಸಂಘ. ಕಂಪನಿಯೇ ಕಳಿಸಿದ ಸರ್ಟಿಫಿಕೇಟ್ ಫೋಟೋ ನಂಬಬೇಡಿ, ಸಂಘದ ಪಟ್ಟಿಯಲ್ಲಿ ನೀವೇ ಹುಡುಕಿ. ಕೀನ್ಯಾದ ಗೈಡ್‌ಗಳಿಗೆ ಅವರದೇ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ದರ್ಜೆ ಕೊಡುತ್ತೆ. ನಮ್ಮ ಗೈಡ್ ಯಾವ ದರ್ಜೆಯವರು ಅಂತ ಕೇಳೋದು ಗ್ರಾಹಕರ ಹಕ್ಕು.

ಮುಂಗಡ ಕಟ್ಟುವಾಗ ಬ್ಯಾಂಕ್ ಖಾತೆ ಕಂಪನಿಯ ಹೆಸರಿನಲ್ಲೇ ಇರಬೇಕು. ವ್ಯಕ್ತಿಯ ಹೆಸರಿನ ಖಾತೆಗೆ ಕಳಿಸಿ ಅಂದರೆ ಕಳಿಸಬೇಡಿ. ಶೇ 20ರಿಂದ 30 ಮುಂಗಡ, ಉಳಿದದ್ದು ಹೊರಡುವ ಒಂದೂವರೆ ಎರಡು ತಿಂಗಳ ಮುಂಚೆ, ಇದು ಸಾಮಾನ್ಯ ರೂಢಿ. ಬಾಕಿ ಕಟ್ಟುವ ಮುಂಚೆ ಇನ್ನೊಂದು ಕೆಲಸ ಮಾಡಿ. ದರಪಟ್ಟಿಯಲ್ಲಿ ಬರೆದ ಲಾಡ್ಜ್ ಅಥವಾ ಕ್ಯಾಂಪಿಗೆ ನೀವೇ ಒಂದು ಈಮೇಲ್ ಹಾಕಿ, ‘ಇಂಥ ಹೆಸರಿನಲ್ಲಿ, ಇಂಥ ತಾರೀಖಿಗೆ ಬುಕಿಂಗ್ ಇದೆಯಾ?’ ಅಂತ ಕೇಳಿ. ಹಗರಣದ ಕಂಪನಿಗಳು ಸಿಕ್ಕಿಬೀಳೋದು ಇಲ್ಲೇ.

ದರಪಟ್ಟಿ ಓದುವ ಬಗೆ

‘6 ರಾತ್ರಿ 7 ದಿನ ಕೀನ್ಯಾ’ ಅಂತ ಒಂದು ಹಾಳೆ ಕೈಗೆ ಬಂತು ಅಂತಿಟ್ಟುಕೊಳ್ಳಿ. ಮೊದಲ ದಿನ ವಿಮಾನ ನಿಲ್ದಾಣದಿಂದ ಹೋಟೆಲ್. ಎರಡನೇ ದಿನ ಮಧ್ಯಾಹ್ನದವರೆಗೂ ರಸ್ತೆ. ನಾಲ್ಕನೇ ದಿನ ಒಂದು ಕಾಡಿಂದ ಇನ್ನೊಂದಕ್ಕೆ ಪ್ರಯಾಣ. ಏಳನೇ ದಿನ ಮತ್ತೆ ವಿಮಾನ ನಿಲ್ದಾಣ. ಹಾಗಾದರೆ ಕಾಡಿನಲ್ಲಿ ಕಳೆದದ್ದು ಎಷ್ಟು? ಪ್ರತಿ ದಿನದ ಮುಂದೆ ‘ಕಾಡಿನೊಳಗೆ ಎಷ್ಟು ಗಂಟೆ’ ಅಂತ ಪೆನ್ಸಿಲಿನಲ್ಲಿ ಬರೆದು ಕೂಡಿಸಿ. ಎರಡು ಕಂಪನಿಗಳ ದರ ಹೋಲಿಸಬೇಕಾದ್ದು ಈ ಗಂಟೆಗಳ ಲೆಕ್ಕದಲ್ಲಿ, ರಾತ್ರಿಗಳ ಲೆಕ್ಕದಲ್ಲಲ್ಲ.

ಆಮೇಲೆ ಪದಗಳು. ‘ಗೇಮ್ ಡ್ರೈವ್’ ಅಂದರೆ ಗಾಡಿಯಲ್ಲಿ ಪ್ರಾಣಿ ನೋಡುವ ಒಂದು ಸುತ್ತು. ‘ಫುಲ್ ಬೋರ್ಡ್’ ಅಂದರೆ ಮೂರು ಹೊತ್ತಿನ ಊಟ ಸೇರಿದೆ, ಆದರೆ ನೀರಿನ ಬಾಟಲಿ, ಜ್ಯೂಸ್ ಬೇರೆ ಇರಬಹುದು. ‘ಶೇರಿಂಗ್’ ದರ ಅಂದರೆ ಒಂದು ಕೋಣೆಯಲ್ಲಿ ಇಬ್ಬರು. ಒಬ್ಬರೇ ಇದ್ದರೆ ‘ಸಿಂಗಲ್ ಸಪ್ಲಿಮೆಂಟ್’ ಅಂತ ಹೆಚ್ಚುವರಿ ಕಟ್ಟಬೇಕು. ‘ಮಾರಾ ಏರಿಯಾ’ ಅಥವಾ ‘ಸೆರೆಂಗೆಟಿ ಹತ್ತಿರ’ ಅಂತ ಬರೆದಿದ್ದರೆ ಮಲಗುವ ಜಾಗ ಗೇಟಿನ ಹೊರಗಿದೆ ಅಂತ ಅರ್ಥ. ಅದು ತಪ್ಪೇನಲ್ಲ, ದುಡ್ಡು ಉಳಿಯುತ್ತೆ. ಆದರೆ ಗೇಟಿಂದ ಎಷ್ಟು ದೂರ ಅಂತ ಕೇಳಿ. ಬೆಳಗಿನ ಜಾವದ ಒಂದು ಗಂಟೆ ರಸ್ತೆಯಲ್ಲಿ ಹೋದರೆ ಸಿಂಹ ಬೇಟೆಯಾಡುವ ಹೊತ್ತು ಕಳೆದುಹೋಗುತ್ತೆ.

ಓವರ್‌ಲ್ಯಾಂಡ್ ಟ್ರಕ್ ದರದಲ್ಲಿ ‘ಕಿಟ್ಟಿ’ ಅಥವಾ ‘ಲೋಕಲ್ ಪೇಮೆಂಟ್’ ಅಂತ ಒಂದು ಸಾಲು ಇರಬಹುದು. ಬುಕ್ ಮಾಡುವಾಗ ಒಂದಷ್ಟು, ಅಲ್ಲಿ ಹೋದ ಮೇಲೆ ಡಾಲರ್ ನಗದಿನಲ್ಲಿ ಇನ್ನೊಂದಷ್ಟು ಅಂತ ದರವನ್ನು ಎರಡು ಮಾಡಿರುತ್ತಾರೆ. ಜಾಹೀರಾತಿನಲ್ಲಿ ಕಾಣೋದು ಮೊದಲನೆಯದು ಮಾತ್ರ. ಟ್ರಕ್ಕಿನ ದರದಲ್ಲಿ ಸೆರೆಂಗೆಟಿ, ಗೊರಿಲ್ಲಾ ನೋಡೋದು ಮುಂತಾದವು ಸೇರಿರದೇ ಇರಬಹುದು. ಗೊರಿಲ್ಲಾ ಪರ್ಮಿಟ್ ಒಂದೇ ಉಗಾಂಡಾದಲ್ಲಿ 800 ಡಾಲರ್, ರುವಾಂಡಾದಲ್ಲಿ 1,500. ಇದನ್ನು ಮರೆತು ಬಜೆಟ್ ಹಾಕಿದರೆ ಅಲ್ಲಿ ಹೋಗಿ ಬೆಟ್ಟದ ಕೆಳಗೆ ಕೂರಬೇಕಾಗುತ್ತೆ.

ಹಾಗಾಗಿ ಹಾಳೆಯನ್ನು ಕೆಳಗಿನಿಂದ ಓದಿ. ‘ಸೇರಿಲ್ಲ’ ಅನ್ನೋ ಪಟ್ಟಿ ಮೊದಲು, ದರ ಆಮೇಲೆ. ಗಾಡಿ ಯಾವುದು, ಎಷ್ಟು ಜನ, ಎಲ್ಲರಿಗೂ ಕಿಟಕಿ ಸೀಟು ಉಂಟಾ, ಗಾಡಿ ಕೆಟ್ಟರೆ ಬದಲಿ ಎಷ್ಟು ಹೊತ್ತಲ್ಲಿ ಬರುತ್ತೆ, ಇವಿಷ್ಟೂ ಬರಹದಲ್ಲಿ ಇರಲಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಮನೆಯಿಂದ ಮನೆವರೆಗಿನ ಬಜೆಟ್

ಮೇಲಿನ ಟಾಂಜಾನಿಯಾ ಉದಾಹರಣೆಯನ್ನೇ ಮುಂದುವರಿಸೋಣ. ಆರು ಜನರ ಗುಂಪು, ಒಬ್ಬರ ಪಾಲು, ಅಂದಾಜು ಲೆಕ್ಕ.

ಸಫಾರಿ 1,100 ಡಾಲರ್, ಅಂದರೆ 99 ಸಾವಿರ. ಅರುಷಾದಲ್ಲಿ ಹಿಂದೆಮುಂದೆ ಎರಡು ರಾತ್ರಿ ಹೋಟೆಲ್ 7 ಸಾವಿರ. ಮುಂಬೈಯಿಂದ ಹೋಗಿಬರುವ ವಿಮಾನ 55 ಸಾವಿರ ಇಟ್ಟುಕೊಳ್ಳಿ, ಮೂರ್ನಾಲ್ಕು ತಿಂಗಳ ಮುಂಚೆ ಬುಕ್ ಮಾಡಿದರೆ ಇಳಿಯಬಹುದು. ಟಾಂಜಾನಿಯಾ ವೀಸಾ 50 ಡಾಲರ್, 4,500 ರೂಪಾಯಿ. ಲಸಿಕೆ, ಮಾತ್ರೆ, ಅದಕ್ಕಾಗಿ ಓಡಾಟ 5 ಸಾವಿರ. ಪ್ರಯಾಣ ವಿಮೆ 2,500. ಡ್ರೈವರ್ ಮತ್ತು ಅಡುಗೆಯವರ ಟಿಪ್ಸ್‌ನಲ್ಲಿ ನಿಮ್ಮ ಪಾಲು 3 ಸಾವಿರ. ಅಲ್ಲಿ ಟಿಪ್ಸ್ ದಾನವಲ್ಲ, ಅವರ ದುಡಿಮೆಯ ಭಾಗ, ಕೊಡದೇ ಬರಬಾರದು. ಊರಿಂದ ಮುಂಬೈಗೆ ಹೋಗಿಬರೋದು 4 ಸಾವಿರ. ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಇದೆ. ಕೈಖರ್ಚು 8 ಸಾವಿರ.

ಒಟ್ಟು 1.88 ಲಕ್ಷ. ಇದರ ಮೇಲೆ ಶೇ 10 ಆಪತ್ತಿಗೆ ಅಂತ ಇಟ್ಟರೆ 2.07 ಲಕ್ಷ ಹತ್ತಿರ. 99 ಸಾವಿರದ ಸಫಾರಿ ಮನೆಗೆ ಬರುವಷ್ಟರಲ್ಲಿ ಎರಡು ಪಟ್ಟು ದಾಟಿತು. ಟೆಂಟ್ ಬದಲು ಸಾಧಾರಣ ಲಾಡ್ಜ್ ಬೇಕು ಅಂದರೆ ಸಫಾರಿಯ ದರ ದಿನಕ್ಕೆ 300ರಿಂದ 450 ಡಾಲರ್ ಆಗುತ್ತೆ, ಒಟ್ಟು ಮೊತ್ತ ಮೂರು ಲಕ್ಷದ ಕಡೆ ಸರಿಯುತ್ತೆ.

ಇಲ್ಲಿನ ಏಜೆಂಟರಿಂದ ಪ್ಯಾಕೇಜ್ ಕೊಂಡರೆ ಇನ್ನೆರಡು ಸಾಲು ಸೇರುತ್ತವೆ. ಒಂದು ಜಿಎಸ್‌ಟಿ. ಇನ್ನೊಂದು ಟಿಸಿಎಸ್, ಅಂದರೆ ವಿದೇಶಿ ಪ್ಯಾಕೇಜ್ ಮಾರುವವರು ನಿಮ್ಮಿಂದ ಮುಂಚೆಯೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. 2025-26ರಲ್ಲಿ ವರ್ಷಕ್ಕೆ 10 ಲಕ್ಷದವರೆಗೆ ಶೇ 5, ಅದರ ಮೇಲಿನ ಮೊತ್ತಕ್ಕೆ ಶೇ 20 ಇತ್ತು. ಬಜೆಟ್ಟಿನಲ್ಲಿ ಇದು ಬದಲಾಗುತ್ತಾ ಇರುತ್ತೆ, ದುಡ್ಡು ಕಟ್ಟುವ ದಿನದ ದರ ಕೇಳಿ. ಟಿಸಿಎಸ್ ಕಳೆದುಹೋಗುವ ದುಡ್ಡಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗುತ್ತೆ, ರಿಟರ್ನ್ಸ್ ಹಾಕುವಾಗ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಪಡೆಯಬಹುದು. ಬರೀ ಕೃಷಿ ಆದಾಯ ಇದೆ ಅಂತ ರಿಟರ್ನ್ಸ್ ಹಾಕದವರು ಆ ವರ್ಷ ಹಾಕಲೇಬೇಕು, ಇಲ್ಲದಿದ್ದರೆ ಆ ದುಡ್ಡು ಅಲ್ಲೇ ಉಳಿಯುತ್ತೆ.

ವೀಸಾ, ಲಸಿಕೆ, ನೋಟು

ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ, ಶುಲ್ಕ 30 ಡಾಲರಿನಷ್ಟು. 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ನಡೆಯುತ್ತೆ. ಟಾಂಜಾನಿಯಾ ಇದರಲ್ಲಿ ಇಲ್ಲ. ಸಫಾರಿ ಮುಗಿಸಿ ಟಾಂಜಾನಿಯಾದ ಜಾಂಜಿಬಾರ್ ದ್ವೀಪದ ಕಡಲತೀರಕ್ಕೆ ಹೋಗುವವರು ಅಲ್ಲಿನ 44 ಡಾಲರಿನ ಕಡ್ಡಾಯ ವಿಮೆಯನ್ನೂ ಸೇರಿಸಿಕೊಳ್ಳಿ, 2024ರ ಅಕ್ಟೋಬರಿನಿಂದ ಅದು ಜಾರಿಯಲ್ಲಿದೆ. ನಿಮ್ಮ ಇಲ್ಲಿನ ವಿಮೆ ಅದಕ್ಕೆ ಬದಲಿ ಆಗಲ್ಲ.

ಹಳದಿ ಜ್ವರದ ಲಸಿಕೆಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಕೀನ್ಯಾ, ಉಗಾಂಡಾದಂಥ ದೇಶಗಳಿಂದ ಭಾರತಕ್ಕೆ ವಾಪಸ್ ಬರುವಾಗ ಇದರ ಸರ್ಟಿಫಿಕೇಟ್ ಕೇಳ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ವಿಮಾನ ನಿಲ್ದಾಣದ ಕ್ವಾರಂಟೈನ್‌ನಲ್ಲಿ ಇಡಬಹುದು. ಚುಚ್ಚಿಸಿಕೊಂಡ 10 ದಿನದ ನಂತರವೇ ಅದು ಊರ್ಜಿತ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತೆ. ಇದು ಎಲ್ಲ ಆಸ್ಪತ್ರೆಯಲ್ಲಿ ಸಿಗಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ. ಬಳ್ಳಾರಿ, ಕೊಪ್ಪಳದವರು ಬೆಂಗಳೂರಿಗೆ, ರಾಯಚೂರಿನವರು ಹೈದರಾಬಾದಿಗೆ ಹೋಗಬಹುದು. ಮುಂಚೆಯೇ ದಿನ ಗೊತ್ತು ಮಾಡಿಕೊಂಡು ಪಾಸ್‌ಪೋರ್ಟ್ ತಗೊಂಡು ಹೋಗಿ. ಮಲೇರಿಯಾ ಮಾತ್ರೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, ಅದನ್ನು ಹೊರಡುವ ಮುಂಚೆಯೇ ಶುರು ಮಾಡಬೇಕಾಗುತ್ತೆ.

ಡಾಲರ್ ನೋಟು ಕೊಳ್ಳುವಾಗ ಇಸವಿ ನೋಡಿ ತಗೊಳ್ಳಿ. ಹಳೆಯ ಮುದ್ರಣದ, ಮಡಿಚಿ ಹರಿದ ನೋಟುಗಳನ್ನು ಅಲ್ಲಿ ಬಹಳ ಕಡೆ ಮುಟ್ಟಲ್ಲ. 2013ರ ಈಚಿನವು ಇದ್ದರೆ ತೊಂದರೆ ಇಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ನಗದು ಒಯ್ಯಬಹುದು.

ಊಟದ ಚಿಂತೆ ಬೇಡ. ನೈರೋಬಿ, ಅರುಷಾದಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ, ಸಸ್ಯಾಹಾರ ಸುಲಭವಾಗಿ ಸಿಗುತ್ತೆ. ಕ್ಯಾಂಪಿಂಗ್ ಹೋಗುವವರು ಮಾತ್ರ ಮೊಟ್ಟೆ ತಿನ್ನಲ್ಲ, ಈರುಳ್ಳಿ ತಿನ್ನಲ್ಲ ಅನ್ನೋದನ್ನು ಬುಕಿಂಗ್ ದಿನವೇ ಬರೆದು ಕೊಡಿ. ಕಾಡೊಳಗೆ ಹೋದ ಮೇಲೆ ಅಂಗಡಿ ಇರಲ್ಲ. ನಮ್ಮವರು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳದೆ ಹೊರಡಲ್ಲ. ಖಂಡಿತ ಒಯ್ಯಿರಿ, ಆದರೆ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಬೇಡ. ಕೀನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ಅವುಗಳನ್ನು ನಿಷೇಧಿಸಿವೆ, ವಿಮಾನ ನಿಲ್ದಾಣದಲ್ಲೇ ತೆಗೆಸ್ತಾರೆ. ರೊಟ್ಟಿಗೆ ಬಟ್ಟೆ, ಚಟ್ನಿಪುಡಿಗೆ ಸ್ಟೀಲ್ ಡಬ್ಬಿ. ಚಕ್ರದ ಗಟ್ಟಿ ಸೂಟ್‌ಕೇಸ್ ಜೀಪಿನ ಹಿಂದೆ ಕೂರಲ್ಲ, ಮೆತ್ತನೆಯ ಬ್ಯಾಗ್ ತಗೊಳ್ಳಿ, 15 ಕಿಲೋ ಒಳಗೆ ಇರಲಿ.